ಕಾಮಾಲೆ ಬಂದಾಗ: ಕಾರಣ ಹುಡುಕುವುದರಿಂದ ಕೊನೆಯ ರಕ್ತಪರೀಕ್ಷೆಯವರೆಗೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ ಸುಳ್ಳು. ನನಗೆ ಕಾಮಾಲೆ ಆದಾಗ ಗೋಡೆ ಬಿಳಿಯಾಗಿಯೇ ಕಾಣುತ್ತಿತ್ತು, ಹಾಸಿಗೆಯ ಹೊದಿಕೆಯೂ ಬಿಳಿಯೇ. ಹಳದಿ ಕಂಡದ್ದು ಎದುರು ಕೂತವರಿಗೆ. ಅವರು "ಕಣ್ಣು ಯಾಕೆ ಹೀಗಿದೆ?" ಅಂತ ಕೇಳುವ ನಾಲ್ಕು ದಿನ ಮೊದಲೇ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದದ್ದು ಸಾಲದೇನೋ ಅಂದುಕೊಂಡು ಎರಡು ಲೋಟ ಹೆಚ್ಚಿಗೆ ಕುಡಿದು ಸುಮ್ಮನಾಗಿದ್ದೆ. ಬಣ್ಣ ತಿಳಿಯಾಗಲಿಲ್ಲ. ಊಟದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು.

ಸುದ್ದಿ ಹಬ್ಬಿದ ಮೇಲೆ ಸಲಹೆಗಳ ಮಳೆ. ಇಂಥ ಸೊಪ್ಪಿನ ರಸ ಕುಡಿ, ಉಪ್ಪು ಬಿಡು, ಎಣ್ಣೆ ಮುಟ್ಟಬೇಡ, ಮೂರು ವಾರ ಹಾಸಿಗೆಯಿಂದ ಏಳಬೇಡ. ಹಳದಿ ಇಳಿಸುವ ದಾರಿ ಎಲ್ಲರಿಗೂ ಗೊತ್ತಿತ್ತು. ಹಳದಿ ಯಾಕೆ ಏರಿತು ಅಂತ ಕೇಳಿದ್ದು ವೈದ್ಯರೊಬ್ಬರೇ. ಈ ಬರಹವೂ ಆ ಪ್ರಶ್ನೆಯ ಸುತ್ತಲೇ ಇದೆ. ಕಾಮಾಲೆ ರೋಗವಲ್ಲ, ರೋಗದ ಗುರುತು. ಅದರ ಹಿಂದೆ ತಾನಾಗಿ ವಾಸಿಯಾಗುವ ಸೋಂಕು ಇರಬಹುದು, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಇರಬಹುದು, ಗಡ್ಡೆಯೂ ಇರಬಹುದು. ಲಿವರ್‌ಗೆ ಹತ್ತುವ ವೈರಸ್ ಸೋಂಕಾದ ಹೆಪಟೈಟಿಸ್ ಎ ಬಂದವರಲ್ಲಿ ಬಹುತೇಕರು ಏನೂ ಔಷಧವಿಲ್ಲದೆ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಹಾಗಾಗಿ ಆ ವಾರಗಳಲ್ಲಿ ಯಾರು ಏನು ಕುಡಿಸಿದರೂ ಹೆಸರು ಆ ಔಷಧಕ್ಕೇ ಹೋಗುತ್ತದೆ. ಅದೇ ಔಷಧವನ್ನು ನಂಬಿ ಕಲ್ಲು ಸಿಕ್ಕಿಕೊಂಡವರೂ ಮನೆಯಲ್ಲಿ ಕೂತರೆ, ಅವರ ಕೈಯಿಂದ ಜಾರುವುದು ಚಿಕಿತ್ಸೆಗೆ ಬೇಕಾದ ದಿನಗಳು.

ಹಳದಿ ಎಲ್ಲಿಂದ ಬರುತ್ತದೆ

ಮೊಣಕಾಲಿಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ಜಾಗವನ್ನು ದಿನವೂ ನೋಡಿದ್ದೀರಾ? ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ. ಚರ್ಮದ ಕೆಳಗೆ ರಕ್ತದ ಕೆಂಪು ಬಣ್ಣ ಒಡೆದು ಮೊದಲು ಹಸಿರು ಬಿಲಿವರ್ಡಿನ್, ನಂತರ ಹಳದಿ ಬಿಲಿರುಬಿನ್ ಆಗುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಇದೇ ಕೆಲಸ ದೇಹದೊಳಗೆ ದಿನವೂ ನಡೆಯುತ್ತಿರುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಯಕೃತ್ತಿಗೆ, ಅಂದರೆ ಲಿವರ್‌ಗೆ, ಹೋಗುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಬದಲಿಸಿ ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಮತ್ತೆ ಬದಲಿಸಿದಾಗ ಮಲಕ್ಕೆ ಕಂದು ಬಣ್ಣ ಬರುತ್ತದೆ.

ಈ ದಾರಿ ಮೂರು ಕಡೆ ಕೆಡಬಹುದು. ರಕ್ತಕಣಗಳು ಮಿತಿಮೀರಿ ಒಡೆದರೆ ಯಕೃತ್ತಿಗೆ ಬರುವ ಸರಕೇ ಹೆಚ್ಚು: ಮಲೇರಿಯಾ, ಹುಟ್ಟಿನಿಂದ ಬರುವ ರಕ್ತದ ತೊಂದರೆಗಳಾದ ಸಿಕಲ್ ಸೆಲ್, ಜಿ6ಪಿಡಿ ಕೊರತೆ ಈ ಬಗೆಯವು. ಯಕೃತ್ತಿಗೇ ಏಟು ಬಿದ್ದರೆ ಬಂದ ಸರಕು ವಿಲೇವಾರಿಯಾಗುವುದಿಲ್ಲ: ಹೆಪಟೈಟಿಸ್ ವೈರಸ್‌ಗಳು, ಮದ್ಯ, ಕೆಲವು ಔಷಧಗಳು, ಇಲಿಜ್ವರ, ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬೀಳುವುದು. ಪಿತ್ತನಾಳ ಕಟ್ಟಿಕೊಂಡರೆ ಸಿದ್ಧವಾದ ಸರಕು ಹೊರಹೋಗದೆ ರಕ್ತಕ್ಕೆ ಮರಳುತ್ತದೆ: ಕಲ್ಲು, ನಾಳದ ಕಿರಿದಾಗುವಿಕೆ, ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆ. ಮುಂದೆ ಬರುವ ಎಲ್ಲ ಪರೀಕ್ಷೆಗಳ ಉದ್ದೇಶ ಒಂದೇ, ಈ ಮೂರರಲ್ಲಿ ಕೆಟ್ಟಿರುವುದು ಎಲ್ಲಿ ಅಂತ ಪತ್ತೆಹಚ್ಚುವುದು.

ಹೆಜ್ಜೆ 1: ನಿಜಕ್ಕೂ ಕಾಮಾಲೆಯೇ, ನೋಡಿಕೊಳ್ಳಿ

ರಾತ್ರಿ ಬಲ್ಬಿನ ಬೆಳಕಿನಲ್ಲಿ ನೋಡಬೇಡಿ, ಆ ಬೆಳಕೇ ಹಳದಿ. ಹಗಲಿನಲ್ಲಿ ಕಿಟಕಿಯ ಹತ್ತಿರ ಕೂತು, ಮೇಲಿನ ರೆಪ್ಪೆ ಎತ್ತಿ, ಕೆಳಗೆ ನೋಡುವಂತೆ ಹೇಳಿ. ಕಣ್ಣಿನ ಬಿಳಿಭಾಗ ಎಲ್ಲ ಕಡೆ ಒಂದೇ ಸಮ ಹಳದಿಯಾಗಿದ್ದರೆ ಅದು ಕಾಮಾಲೆ. ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ ಡೆಸಿಲೀಟರ್‌ಗೆ 1.2 ಮಿಲಿಗ್ರಾಂ ಒಳಗಿರುತ್ತದೆ. ಅದು 2.5ರಿಂದ 3ರ ಆಸುಪಾಸಿಗೆ ಬರುವವರೆಗೆ ಕಣ್ಣಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಕಣ್ಣಿನ ಮೂಲೆಯಲ್ಲಿ ಮಾತ್ರ ಕಾಣುವ ಹಳದಿ ಉಬ್ಬು ಬೇರೆ, ಅದು ಬಿಸಿಲು ಗಾಳಿಗೆ ಬರುವಂಥದ್ದು. ಅಂಗೈ ಅಂಗಾಲು ಹಳದಿಯಾಗಿ ಕಣ್ಣು ಮಾತ್ರ ಬಿಳಿಯಾಗಿದ್ದರೆ ಕ್ಯಾರೆಟ್‌ನಂಥ ತರಕಾರಿಯ ಬಣ್ಣ ಮೈಗೆ ಹತ್ತಿರಬಹುದು. ಅದರಿಂದ ಅಪಾಯವಿಲ್ಲ.

ಆಮೇಲೆ ಮೂತ್ರ. ಬಿ ವಿಟಮಿನ್ ಗುಳಿಗೆ ನುಂಗಿದರೆ ಮೂತ್ರ ಎದ್ದು ಕಾಣುವ ಹಳದಿಯಾಗುತ್ತದೆ, ಕ್ಷಯದ ಔಷಧ ರಿಫಾಂಪಿಸಿನ್ ಕಿತ್ತಳೆ ಬಣ್ಣ ಕೊಡುತ್ತದೆ, ನೀರು ಕಡಿಮೆಯಾದರೂ ಬಣ್ಣ ಗಾಢವಾಗುತ್ತದೆ. ಕಾಮಾಲೆಯದು ಕಂದು ಛಾಯೆ, ನೀರು ಕುಡಿದರೂ ಸುಲಭಕ್ಕೆ ಬಿಡದು. ಒಂದು ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಕುಲುಕಿದರೆ ನೊರೆಯೂ ಹಳದಿಯಾಗಿ ಕಾಣುತ್ತದೆ. ಮೂತ್ರದಲ್ಲಿ ಇಳಿಯುವುದು ಯಕೃತ್ತು ಕರಗಿಸಿ ಕಳಿಸಿದ ಬಿಲಿರುಬಿನ್ ಮಾತ್ರ. ಹಾಗಾಗಿ ಕಣ್ಣು ಹಳದಿ, ಮೂತ್ರದ ಬಣ್ಣ ಎಂದಿನಂತೆಯೇ ಅಂದರೆ ರಕ್ತಕಣ ಒಡೆಯುವ ಕಡೆಗೆ ಅನುಮಾನ ಹೋಗುತ್ತದೆ. ಕಣ್ಣು ಹಳದಿ, ಮೂತ್ರ ಕಂದು, ಮಲ ಮಾತ್ರ ಸುಣ್ಣದಂತೆ ಬಿಳಿಚಿಕೊಂಡಿದೆ ಅಂದರೆ ಪಿತ್ತನಾಳದ ಕಡೆಗೆ.

ವೈದ್ಯರು ನನ್ನನ್ನು ಕೇಳಿದ ಎರಡನೇ ಪ್ರಶ್ನೆಯೇ ಇದು. "ಮಲದ ಬಣ್ಣ ನೋಡಿದ್ದೀರಾ?"

"ಇಲ್ಲ ಡಾಕ್ಟ್ರೇ."

"ನಾಳೆಯಿಂದ ನೋಡಿ. ಲ್ಯಾಬಿನವರಿಗಿಂತ ಮೊದಲು ಅದು ಹೇಳುತ್ತೆ."

ಹೆಜ್ಜೆ 2: ಇಂದೇ ಆಸ್ಪತ್ರೆಗೆ ಹೋಗಬೇಕೇ ಎಂದು ತೀರ್ಮಾನಿಸಿ

ಕಣ್ಣು ಹಳದಿಯಾದವರೆಲ್ಲ ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಲೇಬೇಕು. ಕೆಳಗಿನವುಗಳಲ್ಲಿ ಒಂದಿದ್ದರೂ ಆ ಒಂದೆರಡು ದಿನವೂ ಬೇಡ, ಆ ಗಳಿಗೆಯಲ್ಲೇ ತುರ್ತು ಚಿಕಿತ್ಸೆಗೆ ಹೋಗಿ.

- ಮಾತು ತೊದಲುವುದು, ಗಲಿಬಿಲಿ, ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎದ್ದಿರುವುದು, ಸ್ವಭಾವವೇ ಬದಲಾದಂತೆ ಕಾಣುವುದು
- ಚಳಿ ನಡುಕದ ಜ್ವರ, ಜೊತೆಗೆ ಬಲಪಕ್ಕೆಯ ಕೆಳಗೆ ನೋವು
- ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ
- ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ತೀರಾ ಕಡಿಮೆಯಾಗುವುದು
- ಹೊಟ್ಟೆ ಊದಿಕೊಳ್ಳುವುದು
- ಗರ್ಭಿಣಿಗೆ ಕಾಮಾಲೆ, ಯಾವ ತಿಂಗಳಾದರೂ ಸರಿ
- ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿರುವುದು, ತಿಳಿದೋ ತಿಳಿಯದೆಯೋ

ಮೊದಲನೆಯದನ್ನು ಮನೆಯವರು ಬೇಗ ಗುರುತಿಸುವುದಿಲ್ಲ. "ಸುಸ್ತು, ಮಲಗಲಿ ಬಿಡು" ಅಂದುಬಿಡುತ್ತಾರೆ. ಯಕೃತ್ತು ಸೋಲುತ್ತಿರುವಾಗ ಅದು ಸೋಸಬೇಕಾದ ವಿಷ ಮಿದುಳಿಗೆ ಹೋಗುತ್ತದೆ. ಅದರ ಮೊದಲ ಸುಳಿವು ಕಾಣುವುದು ಸಣ್ಣ ಸಂಗತಿಗಳಲ್ಲಿ. ನನ್ನ ಪಕ್ಕದಲ್ಲಿದ್ದವರು ದಿನವೂ ಬೆಳಗ್ಗೆ ಒಂದೇ ಪುಸ್ತಕದಲ್ಲಿ ನನ್ನಿಂದ ಹೆಸರು, ತಾರೀಖು ಬರೆಸುತ್ತಿದ್ದರು. ಮಗುವಿನ ಆಟದಂತೆ ಅನ್ನಿಸಿತ್ತು. ಅಕ್ಷರ ದಿನದಿಂದ ದಿನಕ್ಕೆ ಸೊಟ್ಟಗಾಗುವುದು, ತಾರೀಖು ತಪ್ಪುವುದು, ವಾಹನ ನಿಲ್ಲಿಸುವವರಂತೆ ಕೈ ಮುಂದೆ ಚಾಚಿ ಅಂಗೈ ಎತ್ತಿದಾಗ ಹಸ್ತ ಹಕ್ಕಿಯ ರೆಕ್ಕೆಯಂತೆ ಪಟಪಟನೆ ಬೀಳುವುದು, ಇವು ಮನೆಯಲ್ಲೇ ಕಾಣುವ ಗುರುತುಗಳು. ಅಕ್ಷರ ಚೆನ್ನಾಗಿದೆ ಅಂದಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ, ಕೆಟ್ಟಿದ್ದರೆ ಕಾಯಬೇಡಿ ಅಂತ ಅಷ್ಟೇ.

ಎರಡನೆಯದು ಕಟ್ಟಿಕೊಂಡ ಪಿತ್ತನಾಳದಲ್ಲಿ ಸೋಂಕು ಆದ ಚಿತ್ರ. ಜ್ವರ, ಕಾಮಾಲೆ, ಬಲಪಕ್ಕೆಯ ನೋವು, ಈ ಮೂರನ್ನು ಒಟ್ಟಿಗೆ 1877ರಲ್ಲೇ ಫ್ರಾನ್ಸಿನ ವೈದ್ಯ ಶಾರ್ಕೋ ಗುರುತಿಸಿದ್ದ. ಇಂದಿಗೂ ಅದು ಅವನ ಹೆಸರಲ್ಲೇ ಇದೆ. ನಂಜು ರಕ್ತಕ್ಕೆ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗೆಯೇ ನೋವೇ ಇಲ್ಲದೆ, ತೂಕ ಇಳಿಯುತ್ತಾ, ಮೆಲ್ಲಗೆ ಏರುವ ಕಾಮಾಲೆಯನ್ನೂ ಹಗುರವಾಗಿ ಕಾಣಬೇಡಿ, ಅದರಲ್ಲೂ ವಯಸ್ಸಾದವರಲ್ಲಿ. ನೋವಿಲ್ಲ ಅನ್ನುವುದು ಇಲ್ಲಿ ಒಳ್ಳೆಯ ಸುದ್ದಿಯಲ್ಲ.

ಹೆಜ್ಜೆ 3: ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆ ಬರೆಯಿರಿ

ಹತ್ತು ನಿಮಿಷದ ಭೇಟಿಯಲ್ಲಿ ನೆನಪಾಗದ್ದು ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಬರೆದುಕೊಂಡು ಹೋಗಿ. ಮೊದಲು ಕಂಡದ್ದು ಏನು, ಯಾವ ದಿನ: ಜ್ವರವೋ, ವಾಂತಿಯೋ, ತುರಿಕೆಯೋ, ಮೂತ್ರದ ಬಣ್ಣವೋ. ವೈರಸ್ ಕಾಮಾಲೆಯಲ್ಲಿ ಸಾಮಾನ್ಯವಾಗಿ ಜ್ವರ, ಮೈಕೈ ನೋವು, ಊಟ ಸೇರದಿರುವುದು ಮೊದಲು ಬಂದು, ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಕಣ್ಣು ಹಳದಿಯಾದ ಮೇಲೂ ಜ್ವರ ಸುಡುತ್ತಿದ್ದರೆ ಮಲೇರಿಯಾ, ಇಲಿಜ್ವರ, ಪಿತ್ತನಾಳದ ಸೋಂಕು ಇವನ್ನು ನೋಡಬೇಕಾಗುತ್ತದೆ. ಈ ಕ್ರಮ ನಿಮಗೆ ಮಾತ್ರ ಗೊತ್ತು, ಯಾವ ಯಂತ್ರವೂ ಹೇಳುವುದಿಲ್ಲ.

ಹಿಂದಿನ ಆರು ತಿಂಗಳ ಲೆಕ್ಕವೂ ಬೇಕು, ಯಾಕೆಂದರೆ ವೈರಸ್‌ಗಳು ಒಳಗೆ ಕೂತು ಕಾಯುತ್ತವೆ. ಹೆಪಟೈಟಿಸ್ ಎ 15ರಿಂದ 50 ದಿನ, ಇ ಎರಡರಿಂದ ಹತ್ತು ವಾರ, ಬಿ ಒಂದರಿಂದ ಆರು ತಿಂಗಳು. ನಿನ್ನೆ ಹೊರಗೆ ತಿಂದದ್ದಕ್ಕೆ ಇಂದು ಕಾಮಾಲೆ ಬಂತು ಅನ್ನುವುದು ಹಾಗಾಗಿ ಹೆಚ್ಚಾಗಿ ತಪ್ಪು ಲೆಕ್ಕ, ತಿಂಗಳ ಹಿಂದಿನ ನೀರನ್ನು ನೆನಪಿಸಿಕೊಳ್ಳಬೇಕು. ರಕ್ತ ಹಾಕಿಸಿಕೊಂಡದ್ದು, ಚುಚ್ಚುಮದ್ದು, ಹಚ್ಚೆ, ಹಲ್ಲಿನ ಚಿಕಿತ್ಸೆ, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಪ್ರಯಾಣ, ಮನೆಯಲ್ಲಿ ಇನ್ನೊಬ್ಬರಿಗೆ ಕಾಮಾಲೆ, ಇವೆಲ್ಲ ಹಾಳೆಯಲ್ಲಿರಲಿ.

ಔಷಧಗಳ ಸಾಲನ್ನು ಮಾತ್ರ ಉದ್ದವಾಗಿ ಬರೆಯಿರಿ. ಕ್ಷಯದ ಔಷಧಗಳಾದ ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಕೆಲವು ಆಂಟಿಬಯೋಟಿಕ್‌ಗಳು, ಅಪಸ್ಮಾರದ ಕೆಲವು ಗುಳಿಗೆಗಳು ಯಕೃತ್ತಿಗೆ ಏಟು ಕೊಡಬಲ್ಲವು. "ಅದು ಔಷಧವಲ್ಲ, ಬರೀ ಗಿಡಮೂಲಿಕೆ" ಅಂತ ಬಿಟ್ಟುಬಿಡುವವರು ಬಹಳ. ಅರಿಶಿನದ ಸಾರದ ಮಾತ್ರೆ, ಗ್ರೀನ್ ಟೀ ಸಾರ, ಅಶ್ವಗಂಧ, ಮೈ ಬೆಳೆಸುವ ಪುಡಿಗಳು, ಇವುಗಳಿಂದಲೂ ಯಕೃತ್ತು ಕೆಟ್ಟ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಕ್ಷಯದ ಔಷಧದಲ್ಲಿರುವಾಗ ಕಣ್ಣು ಹಳದಿಯಾದರೆ ಮುಂದಿನ ಗುಳಿಗೆ ನುಂಗುವ ಮೊದಲು, ಅದೇ ದಿನ, ಕೇಳಿ. ಕುಡಿತದ ಅಳತೆಯನ್ನೂ ನಿಜವಾಗಿ ಹೇಳಿ. ವೈದ್ಯರಿಗೆ ಹೇಳಿದ ಸುಳ್ಳಿಗೆ ಯಕೃತ್ತು ಮೋಸ ಹೋಗುವುದಿಲ್ಲ.

ಹೆಜ್ಜೆ 4: ಪರೀಕ್ಷೆ ಮಾಡಿಸಿ, ವರದಿಯನ್ನು ಅರ್ಥಮಾಡಿಕೊಳ್ಳಿ

ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಬರೆಯುವುದು ಎಲ್‌ಎಫ್‌ಟಿ ಅಂದರೆ ಯಕೃತ್ತಿನ ಕಾರ್ಯಪರೀಕ್ಷೆ, ರಕ್ತಕಣಗಳ ಎಣಿಕೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಪಿಟಿ-ಐಎನ್‌ಆರ್, ಮೂತ್ರಪರೀಕ್ಷೆ, ವೈರಸ್ ಪರೀಕ್ಷೆಗಳು, ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್. ಸ್ಕ್ಯಾನಿಗೆ ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಲಿ. ಊಟ ಮಾಡಿದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ.

ವರದಿ ಕೈಗೆ ಬಂದರೆ ಎಲ್ಲರ ಕಣ್ಣು ಹೋಗುವುದು ಒಟ್ಟು ಬಿಲಿರುಬಿನ್ ಮೇಲೆ. ಅದರ ಕೆಳಗಿನ ಎರಡು ಸಾಲು ನೋಡಿ, ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್. ಡೈರೆಕ್ಟ್ ಎಂದರೆ ಯಕೃತ್ತು ಕರಗುವಂತೆ ಬದಲಿಸಿದ್ದು, ಇನ್‌ಡೈರೆಕ್ಟ್ ಎಂದರೆ ಯಕೃತ್ತು ಇನ್ನೂ ಮುಟ್ಟದ ಬಿಲಿರುಬಿನ್. ಇನ್‌ಡೈರೆಕ್ಟ್ ಒಂದೇ ಹೆಚ್ಚಿದ್ದು ಉಳಿದೆಲ್ಲ ಸರಿಯಿದ್ದರೆ ಒಂದೋ ರಕ್ತಕಣ ಒಡೆಯುತ್ತಿವೆ, ಇಲ್ಲವೇ ಗಿಲ್ಬರ್ಟ್ ಸಿಂಡ್ರೋಮ್. ಈ ಗಿಲ್ಬರ್ಟ್ ಹುಟ್ಟಿನಿಂದ ಬಂದದ್ದು, ನಿರುಪದ್ರವಿ. ಉಪವಾಸ, ಜ್ವರ, ನಿದ್ದೆಗೆಟ್ಟ ದಿನಗಳಲ್ಲಿ ಕಣ್ಣು ತುಸು ಹಳದಿಯಾಗಿ ತಾನೇ ಇಳಿಯುತ್ತದೆ. ಇದಕ್ಕೆ ಚಿಕಿತ್ಸೆ ಬೇಡ, ಆದರೆ ಗಿಲ್ಬರ್ಟ್ ಅಂತ ಹೇಳುವ ಅಧಿಕಾರ ವರದಿ ನೋಡಿದ ವೈದ್ಯರದ್ದು, ನಮ್ಮ ಊಹೆಯದ್ದಲ್ಲ.

ಮುಂದಿನ ಸಾಲುಗಳು ಎಎಲ್‌ಟಿ ಮತ್ತು ಎಎಸ್‌ಟಿ ಎಂಬ ಕಿಣ್ವಗಳು. ಹಳೆಯ ಹೆಸರು ಎಸ್‌ಜಿಪಿಟಿ, ಎಸ್‌ಜಿಒಟಿ. ಯಕೃತ್ತಿನ ಜೀವಕೋಶಗಳು ಒಡೆದಾಗ ಇವು ರಕ್ತಕ್ಕೆ ಸೋರುತ್ತವೆ. ಸಾಮಾನ್ಯ ಮಿತಿ ಸುಮಾರು 40, ವೈರಸ್ ಹೆಪಟೈಟಿಸ್‌ನಲ್ಲಿ ಸಾವಿರ ದಾಟುವುದೂ ಉಂಟು. ಮದ್ಯದ ಹೊಡೆತದಲ್ಲಿ ಅಂಕಿ ಕೆಲವು ನೂರರೊಳಗೇ ಇದ್ದು, ಎಎಸ್‌ಟಿಯು ಎಎಲ್‌ಟಿಯ ಎರಡರಷ್ಟೋ ಹೆಚ್ಚೋ ಇರುತ್ತದೆ. ಇವೆರಡು ತುಸುವೇ ಏರಿ, ಪಿತ್ತನಾಳದ ಕಡೆಯ ಕಿಣ್ವಗಳಾದ ಎಎಲ್‌ಪಿ ಮತ್ತು ಜಿಜಿಟಿ ಜೋರಾಗಿ ಏರಿದ್ದರೆ ಪಿತ್ತದ ಹರಿವಿಗೆ ಅಡ್ಡಿ. ಸ್ಕ್ಯಾನಿನಲ್ಲಿ ಪಿತ್ತನಾಳ ಹಿಗ್ಗಿದ್ದು ಕಂಡರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಚಿತ್ರ ಬೇಕಾಗಬಹುದು.

ನನ್ನನ್ನು ಕೇಳಿದರೆ ಇಡೀ ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಐಎನ್‌ಆರ್. ಬಿಲಿರುಬಿನ್ ಬಣ್ಣ ಹೇಳುತ್ತದೆ, ಎಎಲ್‌ಟಿ ಏಟು ಬಿದ್ದದ್ದನ್ನು ಹೇಳುತ್ತದೆ, ಯಕೃತ್ತು ಇನ್ನೂ ಕೆಲಸ ಮಾಡುತ್ತಿದೆಯೇ ಅಂತ ಹೇಳುವುದು ಐಎನ್‌ಆರ್. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದು ಯಕೃತ್ತೇ, ಅದು ಸೋತಾಗ ರಕ್ತ ಹೆಪ್ಪುಗಟ್ಟಲು ತಡವಾಗಿ ಈ ಅಂಕಿ ಏರುತ್ತದೆ. 1ರ ಆಸುಪಾಸಿನಲ್ಲಿರಬೇಕಾದ್ದು 1.5ಕ್ಕೆ ಬಂದು, ಜೊತೆಗೆ ಗಲಿಬಿಲಿಯೂ ಕಂಡರೆ ಅದು ಯಕೃತ್ತಿನ ತೀವ್ರ ವೈಫಲ್ಯ, ಯಕೃತ್ ಕಸಿಯ ಸೌಲಭ್ಯವಿರುವ ಕಡೆಗೆ ಸಾಗಿಸಬೇಕಾದ ಸ್ಥಿತಿ. ಇನ್ನೊಂದು ಮೋಸಗೊಳಿಸುವ ಚಿತ್ರವಿದೆ. ಎಎಲ್‌ಟಿ 2000ದಿಂದ 300ಕ್ಕೆ ಇಳಿಯಿತು ಅಂತ ಮನೆಯವರು ಖುಷಿಪಡುತ್ತಿರುತ್ತಾರೆ, ಆದರೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿರುತ್ತವೆ. ಒಡೆಯಲು ಜೀವಕೋಶಗಳೇ ಉಳಿದಿಲ್ಲ ಅಂತ ಅದರ ಅರ್ಥವಾಗಿರಬಹುದು. ಒಂದು ಅಂಕಿಯನ್ನು ಒಂಟಿಯಾಗಿ ಓದಬೇಡಿ.

ವೈರಸ್ ಸಾಲುಗಳಲ್ಲಿ ಎ ಮತ್ತು ಇ ಗೆ ಐಜಿಎಂ (ಹೊಸ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯ), ಬಿ ಗೆ ಎಚ್‌ಬಿಎಸ್‌ಎಜಿ (ಆ ವೈರಸ್ಸಿನ ಮೇಲ್ಮೈಯ ಗುರುತು) ಮತ್ತು ಐಜಿಎಂ ಆಂಟಿ ಎಚ್‌ಬಿಸಿ, ಸಿ ಗೆ ಅದರ ಪ್ರತಿಕಾಯ ಹುಡುಕುವ ಆಂಟಿ ಎಚ್‌ಸಿವಿ. "ವೈರಸ್ ಇರಲಿ ಬಿಡಿ, ಚಿಕಿತ್ಸೆ ಒಂದೇ ತಾನೆ" ಅನ್ನುವ ಮಾತು ಕೇಳಿದ್ದೇನೆ. ಒಂದೇ ಅಲ್ಲ. ಎ ಯಾವತ್ತೂ ದೀರ್ಘಕಾಲ ಉಳಿಯುವುದಿಲ್ಲ. ಬಿ ಉಳಿಯಬಹುದು, ಸಿ ಬಹುತೇಕರಲ್ಲಿ ಉಳಿಯುತ್ತದೆ.

ಹೆಜ್ಜೆ 5: ಕಾರಣಕ್ಕೆ ತಕ್ಕ ಚಿಕಿತ್ಸೆ

ಎ ಮತ್ತು ಇ ಬಂದ ಬಹುತೇಕರಿಗೆ ವೈರಸ್ ಕೊಲ್ಲುವ ಔಷಧ ಬೇಕಿಲ್ಲ. ನೀರು, ಆಹಾರ, ವಾಂತಿಗೆ ಔಷಧ, ಮತ್ತು ನಿಗಾ ಸಾಕು. ಆಂಟಿಬಯೋಟಿಕ್ ಇಲ್ಲಿ ಕೆಲಸಕ್ಕೆ ಬಾರದು. ದೊಡ್ಡವರಿಗೆ ಬಂದ ಹೆಪಟೈಟಿಸ್ ಬಿ ನೂರರಲ್ಲಿ 95ರಷ್ಟು ಮಂದಿಯಲ್ಲಿ ತಾನಾಗಿ ತೊಲಗುತ್ತದೆ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬಂದರೆ ಬಹುಪಾಲು ಉಳಿದುಬಿಡುತ್ತದೆ. ಸಿ ಗೆ 8ರಿಂದ 12 ವಾರ ನುಂಗುವ ಗುಳಿಗೆಗಳಿವೆ, ನೂರರಲ್ಲಿ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಬಿ ವೈರಸ್ಸಿನ ಗುರುತು ಕಂಡುಹಿಡಿದ ಬರೂಚ್ ಬ್ಲಂಬರ್ಗ್‌ಗೆ 1976ರಲ್ಲಿ, ಸಿ ವೈರಸ್ ಪತ್ತೆಗೆ ದುಡಿದ ಮೂವರಿಗೆ 2020ರಲ್ಲಿ ನೊಬೆಲ್ ಬಂತು. ಒಂದು ಕಾಲದಲ್ಲಿ ಹೆಸರೂ ಇಲ್ಲದಿದ್ದ ಕಾಯಿಲೆಗೆ ಇಂದು ಮೂರು ತಿಂಗಳ ಗುಳಿಗೆ ಸಿಗುತ್ತಿರುವಾಗ ಪರೀಕ್ಷೆಯೇ ಮಾಡಿಸದೆ ಬಿಡುವುದು ನನಗಂತೂ ಅರ್ಥವಾಗದ ಸಂಗತಿ.

ಪಿತ್ತನಾಳದ ಕಲ್ಲನ್ನು ಇಆರ್‌ಸಿಪಿ ವಿಧಾನದಲ್ಲಿ ಬಾಯಿಂದ ಎಂಡೋಸ್ಕೋಪ್ ಇಳಿಸಿ ತೆಗೆಯುತ್ತಾರೆ. ಔಷಧದಿಂದ ಬಂದದ್ದಾದರೆ ಆ ಔಷಧ ನಿಲ್ಲಿಸುವುದೇ ಮುಖ್ಯ ಚಿಕಿತ್ಸೆ. ಪ್ಯಾರಾಸಿಟಮಾಲ್ ಮಿತಿಮೀರಿದ್ದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ, ಆದ್ದರಿಂದ ಹಳದಿ ಕಾಣುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ.

ಹೆಜ್ಜೆ 6: ಮನೆಯಲ್ಲಿ ಚೇತರಿಸಿಕೊಳ್ಳುವುದು

ಪಥ್ಯದ ವಿಷಯಕ್ಕೆ ಬಂದರೆ ಎಲ್ಲರೂ ಪಂಡಿತರು. 1950ರ ದಶಕದಲ್ಲಿ, ಕೊರಿಯಾ ಯುದ್ಧದ ಹೊತ್ತಿನಲ್ಲಿ ಕಾಮಾಲೆ ಬಂದ ಅಮೆರಿಕದ ಸೈನಿಕರ ಮೇಲೆ ಥಾಮಸ್ ಚಾಲ್ಮರ್ಸ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದರು. ಕಟ್ಟುನಿಟ್ಟಾಗಿ ಮಲಗಿಸಿದವರಿಗಿಂತ ತಮ್ಮಿಷ್ಟದಂತೆ ಓಡಾಡಿಕೊಂಡಿದ್ದವರು ಹಿಂದೆ ಬೀಳಲಿಲ್ಲ. ಹೊಟ್ಟೆತುಂಬ, ಪ್ರೋಟೀನ್ ಹೆಚ್ಚಿರುವ ಊಟ ಮಾಡಿದವರು ಬೇಗ ಚೇತರಿಸಿಕೊಂಡರು. ಅದು ಪ್ರಕಟವಾದದ್ದು 1955ರಲ್ಲಿ. ನನಗೆ "ಎದ್ದು ಬಚ್ಚಲಿಗೆ ಮಾತ್ರ ಹೋಗು" ಅಂತ ಹೇಳಿದವರು ಅದಕ್ಕಿಂತ ಎಷ್ಟೋ ದಶಕ ಈಚಿನವರು.

ಹಾಗಂತ ಓಟಕ್ಕೆ ಇಳಿಯಬೇಡಿ. ದೇಹ ಎಷ್ಟು ಒಪ್ಪುತ್ತದೆಯೋ ಅಷ್ಟು ಓಡಾಡಿ, ಸುಸ್ತಾದಾಗ ಮಲಗಿ. ಊಟದಲ್ಲಿ ಒಂದು ಸಣ್ಣ ಗುಟ್ಟಿದೆ. ಹೊಟ್ಟೆ ತೊಳಸುವುದು ಬೆಳಗ್ಗೆ ಕಡಿಮೆ, ಹೊತ್ತು ಏರಿದಂತೆ ಹೆಚ್ಚು. ದೊಡ್ಡ ಊಟವನ್ನು ಬೆಳಗ್ಗೆಗೆ ತನ್ನಿ, ಉಳಿದದ್ದನ್ನು ಐದಾರು ಸಣ್ಣ ತುತ್ತಿನೂಟಗಳಾಗಿ ಹಂಚಿ. ಕರಿದದ್ದು, ಜಿಡ್ಡು ಸೇರುವುದಿಲ್ಲ ಅಂದರೆ ಬಿಡಿ. ಸೇರುತ್ತದೆ ಅಂದರೆ ಮಿತವಾದ ಎಣ್ಣೆ ಯಕೃತ್ತಿಗೆ ವಿಷವೇನಲ್ಲ. ಬೇಳೆಕಾಳು, ಮೊಟ್ಟೆ, ಮೊಸರು ಇವನ್ನು ಹೆದರಿ ನಿಲ್ಲಿಸಬೇಡಿ. ಬರೀ ಸಕ್ಕರೆ ನೀರಿನಲ್ಲೇ ವಾರಗಟ್ಟಲೆ ಇರಿಸುವುದರಿಂದ ರೋಗಿ ಸೊರಗುತ್ತಾನೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಯಕೃತ್ತು ಗಟ್ಟಿಯಾದವರಿಗೆ ಉಪ್ಪಿನ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಮದ್ಯ ಒಂದು ತೊಟ್ಟೂ ಬೇಡ, ವರದಿ ಸರಿಯಾಗಿ ವೈದ್ಯರು ಒಪ್ಪುವವರೆಗೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬೇಕಾದರೆ ಎಷ್ಟು ಎಂದು ಕೇಳಿ. ಆರೋಗ್ಯವಂತರ ದಿನದ ಮಿತಿ 4 ಗ್ರಾಂ, ಯಕೃತ್ತು ಕೆಟ್ಟಾಗ 2 ಗ್ರಾಂ ಒಳಗೇ ಇರಿಸುತ್ತಾರೆ. ನೆಗಡಿ ಮಾತ್ರೆಯೊಳಗೂ ಅದು ಇರುತ್ತದೆ, ಹೊದಿಕೆ ತಿರುಗಿಸಿ ಓದಿ. ನಿದ್ದೆ ಮಾತ್ರೆ ಖಂಡಿತ ಬೇಡ. ಮಂಕು ಗುಳಿಗೆಯದೋ ಯಕೃತ್ತಿನದೋ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ತುರಿಕೆ ರಾತ್ರಿ ನಿದ್ದೆ ಕೆಡಿಸುತ್ತದೆ. ಉಗುರು ಕತ್ತರಿಸಿ, ತಣ್ಣೀರಿನಲ್ಲಿ ಸ್ನಾನ ಮಾಡಿ, ಸಡಿಲ ಹತ್ತಿಬಟ್ಟೆ ಹಾಕಿ. ತಡೆಯಲಾಗದಿದ್ದರೆ ಅದಕ್ಕೆಂದೇ ಔಷಧಗಳಿವೆ, ಸಹಿಸಿಕೊಂಡು ಕೂರಬೇಡಿ.

ಹೆಜ್ಜೆ 7: ಮನೆಯ ಉಳಿದವರು

ಎ ಮತ್ತು ಇ ಮಲದಿಂದ ಬಾಯಿಗೆ ಬರುವ ಸೋಂಕು. ಹೆಪಟೈಟಿಸ್ ಎ ಹೆಚ್ಚು ಹರಡುವುದು ಕಣ್ಣು ಹಳದಿಯಾಗುವ ಎರಡು ವಾರ ಮೊದಲಿನಿಂದ, ಹಳದಿಯಾದ ಒಂದು ವಾರದವರೆಗೆ. ಅಂದರೆ ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಆದರೂ ಆ ಒಂದು ವಾರ ರೋಗಿ ಬೇರೆಯವರಿಗೆ ಅಡುಗೆ ಮಾಡಬಾರದು. ಕೈಗೆ ಸೋಪು ಮತ್ತು ಹರಿಯುವ ನೀರೇ ಬೇಕು, ಮದ್ಯಸಾರದ ಸ್ಯಾನಿಟೈಸರ್ ಈ ವೈರಸ್‌ಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ. ಹತ್ತಿರವಿದ್ದವರಿಗೆ ಎರಡು ವಾರದೊಳಗೆ ಹೆಪಟೈಟಿಸ್ ಎ ಲಸಿಕೆ ಹಾಕಿಸಿದರೆ ತಡೆಯುವ ಅವಕಾಶವಿದೆ.

ಬಿ ಮತ್ತು ಸಿ ತಟ್ಟೆ ಲೋಟದಿಂದ, ಅಪ್ಪುಗೆಯಿಂದ ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆಯಿರಲಿ. ಬಿ ಗೆ ಲಸಿಕೆಯಿದೆ, ಮನೆಯವರೆಲ್ಲ ಪರೀಕ್ಷಿಸಿಕೊಂಡು ಹಾಕಿಸಿಕೊಳ್ಳಲಿ. ತಟ್ಟೆ ಬೇರೆ ಮಾಡಿ ಮೂಲೆಯಲ್ಲಿ ಕೂರಿಸುವ ಕ್ರೌರ್ಯಕ್ಕೆ ಇಲ್ಲಿ ಯಾವ ವೈದ್ಯಕೀಯ ಸಮರ್ಥನೆಯೂ ಇಲ್ಲ.

ಗರ್ಭಿಣಿ ಮತ್ತು ನವಜಾತ ಶಿಶು

ಹೆಪಟೈಟಿಸ್ ಇ ಉಳಿದವರಿಗೆ ಬಂದು ಹೋಗುವ ಕಾಯಿಲೆ, ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಜೀವಕ್ಕೇ ಅಪಾಯ. ಅಂಗೈ ಅಂಗಾಲಿನ ತುರಿಕೆ ಮಾತ್ರ ಇದ್ದರೂ ಗರ್ಭಿಣಿ ರಕ್ತ ಪರೀಕ್ಷೆ ಮಾಡಿಸಬೇಕು, ಅದು ಪಿತ್ತ ನಿಂತಿರುವ ಗುರುತಾಗಿರಬಹುದು.

ಕೂಸುಗಳ ಲೆಕ್ಕವೇ ಬೇರೆ. ತಿಂಗಳು ತುಂಬಿ ಹುಟ್ಟಿದ ಹತ್ತರಲ್ಲಿ ಆರು ಕೂಸುಗಳಿಗೆ ಎರಡು ಮೂರನೇ ದಿನ ಸ್ವಲ್ಪ ಕಾಮಾಲೆ ಕಂಡು ಎರಡು ವಾರದೊಳಗೆ ಇಳಿಯುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕಂಡರೆ, ಹೊಟ್ಟೆ ಕಾಲಿನವರೆಗೆ ಹಬ್ಬಿದರೆ, ಕೂಸು ಹಾಲು ಕುಡಿಯದೆ ಮಂಕಾದರೆ ತಕ್ಷಣ ತೋರಿಸಿ. ಬಿಲಿರುಬಿನ್ ಮಿದುಳಿಗೆ ಹೋದರೆ ಆಗುವ ಹಾನಿ ಶಾಶ್ವತ. ಎರಡು ವಾರ ಕಳೆದರೂ ಹಳದಿ ಉಳಿದು ಮಲ ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿಕೊಂಡಿರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನ. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಎಂಬ ಹೆಸರಿನ ನರ್ಸ್ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈ ತಿಳಿಯಾಗಿ, ಬಟ್ಟೆಯ ತುದಿ ಮುಚ್ಚಿದ್ದ ತುಂಡು ಜಾಗ ಮಾತ್ರ ಹಳದಿಯಾಗಿ ಉಳಿದದ್ದು ಅವರ ಕಣ್ಣಿಗೆ ಬಿತ್ತು. ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಆದರೆ ಮನೆಯ ಕಿಟಕಿಯ ಬಿಸಿಲು ಅದಕ್ಕೆ ಬದಲಿಯಲ್ಲ. ಎಷ್ಟು ಬೆಳಕು ಬಿತ್ತು, ಬಿಲಿರುಬಿನ್ ಎಷ್ಟು ಇಳಿಯಿತು ಅನ್ನುವ ಅಳತೆ ಅಲ್ಲಿ ಇರುವುದಿಲ್ಲ.

ಹೆಜ್ಜೆ 8: ಗುಣವಾಗಿದೆ ಅಂತ ತಿಳಿಯುವುದು ಹೇಗೆ

ನನ್ನಲ್ಲಿ ಮೊದಲು ಮರಳಿದ್ದು ಹಸಿವು. ಆಮೇಲೆ ಮೂತ್ರ ತಿಳಿಯಾಯಿತು. ಕಣ್ಣು ಮಾತ್ರ ಹಳದಿಯಾಗಿಯೇ ಉಳಿದಿತ್ತು, ನನಗೋ ದಿಗಿಲು. ಅದಕ್ಕೂ ಕಾರಣವಿದೆ. ಬಿಲಿರುಬಿನ್‌ನ ಒಂದು ಪಾಲು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ. ಅದು ಮೂತ್ರದಲ್ಲಿ ಇಳಿಯದು, ಆಲ್ಬುಮಿನ್ ಕರಗಿದಂತೆಯೇ ಕರಗಬೇಕು. ಹಾಗಾಗಿ ಯಕೃತ್ತು ಸುಧಾರಿಸಿ ಎರಡು ಮೂರು ವಾರವಾದರೂ ಕಣ್ಣಿನಲ್ಲಿ ಹಳದಿ ಇರಬಹುದು. ಹಸಿವು ಮರಳಿದೆ, ಮೂತ್ರ ತಿಳಿಯಾಗಿದೆ, ಐಎನ್‌ಆರ್ ಸರಿಯಿದೆ ಅಂದರೆ ಕಣ್ಣಿನ ಹಳದಿಗೆ ಹೆದರಬೇಕಿಲ್ಲ. ತಲೆಕೆಳಗಾಗಿ, ಕಣ್ಣು ತಿಳಿಯಾಗುತ್ತಿದ್ದರೂ ವಾಂತಿ ಮಂಕು ಹೆಚ್ಚುತ್ತಿದ್ದರೆ ಬಣ್ಣವನ್ನು ನಂಬಬೇಡಿ.

ಮೊದಲಿಗೆ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಬೇಗ ಬೇಗ ಮಾಡಿಸಿ, ಇಳಿಮುಖ ಖಚಿತವಾದ ಮೇಲೆ ಅಂತರ ಹೆಚ್ಚುತ್ತದೆ. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಡಿ. ಸುಸ್ತು ಇನ್ನೂ ಒಂದೆರಡು ತಿಂಗಳು ಇರಬಹುದು. ಹೆಪಟೈಟಿಸ್ ಎ ಬಂದವರಲ್ಲಿ ಕೆಲವರಿಗೆ ವಾಸಿಯಾದಂತಾಗಿ ಆರು ತಿಂಗಳೊಳಗೆ ಮತ್ತೆ ತಿರುಗುವುದೂ ಉಂಟು. ಅದೂ ಸಾಮಾನ್ಯವಾಗಿ ವಾಸಿಯಾಗುತ್ತದೆ, ಆದರೆ ಮತ್ತೆ ಪರೀಕ್ಷೆ ಬೇಕು.

ಹೆಪಟೈಟಿಸ್ ಬಿ ಆಗಿದ್ದವರು ಕ್ಯಾಲೆಂಡರಿನಲ್ಲಿ ಆರು ತಿಂಗಳ ಮುಂದಿನ ದಿನಕ್ಕೆ ಈಗಲೇ ಗುರುತು ಹಾಕಿ. ಆ ಹೊತ್ತಿಗೆ ಕಣ್ಣು ಬಿಳಿಯಾಗಿ, ಕೆಲಸಕ್ಕೆ ಮರಳಿ, ಕಾಮಾಲೆ ಮರೆತೇ ಹೋಗಿರುತ್ತದೆ. ಆ ದಿನ ಎಚ್‌ಬಿಎಸ್‌ಎಜಿ ಇನ್ನೊಮ್ಮೆ ಮಾಡಿಸಬೇಕು. ಇನ್ನೂ ಪಾಸಿಟಿವ್ ಬಂದರೆ ವೈರಸ್ ಉಳಿದುಕೊಂಡಿದೆ ಅಂತ ಅರ್ಥ, ಯಕೃತ್ತಿನ ತಜ್ಞರ ಬಳಿ ಹೊಸ ಕಡತ ತೆರೆಯಬೇಕು.